ಹೊಲವಿಲ್ಲದವರ ಶೀಗಿ ಹುಣ್ಣಿಮೆ

೨೦೨೫ರ ಅಕ್ಟೋಬರ್ ೬ರ ರಾತ್ರಿ ಮೂಡಿದ ಚಂದ್ರ ಮೂರು ಹಬ್ಬಗಳಿಗೆ ಒಬ್ಬನೇ ಆಗಿದ್ದ. ಘಣಸೋಲಿಯ ಸೊಸೈಟಿಗಳ ಗಚ್ಚಿಯ ಮೇಲೆ ಮಸಾಲೆ ಹಾಲು ಕುದಿಸಿದವರಿಗೆ ಅದು ಕೋಜಾಗಿರಿ. ವಿಜಯಪುರ, ಕಲಬುರ್ಗಿ ಕಡೆಯಿಂದ ಬಂದ ನಮಗೆ ಶೀಗಿ ಹುಣ್ಣಿಮೆ. ಚೀನಾದವರಿಗೆ ಅವರ ಎಂಟನೆಯ ತಿಂಗಳ ಹದಿನೈದನೆಯ ದಿನದ ಸುಗ್ಗಿಯ ಹಬ್ಬ. ಅವರದು ಸಾಮಾನ್ಯವಾಗಿ ನಮಗಿಂತ ಒಂದು ಹುಣ್ಣಿಮೆ ಮೊದಲೇ ಬಂದುಹೋಗುತ್ತದೆ. ಆ ವರ್ಷ ಅವರ ಪಂಚಾಂಗದಲ್ಲಿ ಅಧಿಕಮಾಸ ಬಿದ್ದದ್ದರಿಂದ ಒಂದೇ ರಾತ್ರಿಗೆ ಕೂಡಿಬಂತು.

ನಮ್ಮ ಕೂಟದ ಗೆಳೆಯರೊಬ್ಬರು ಇದನ್ನೇ ಹಿಡಿದು, "ಚಂದ್ರ ಒಬ್ಬನೇ ಅಲ್ವಾ, ಮುಂದಿನ ಸಲ ಶೀಗಿಯನ್ನೂ ಕೋಜಾಗಿರಿಯಲ್ಲೇ ಮುಗಿಸಿಬಿಡೋಣ" ಅಂತ ಸಲಹೆ ಕೊಟ್ಟರು. ಖರ್ಚಿನ ದೃಷ್ಟಿಯಿಂದ ಸರಿಯೇ. ನನಗೆ ಮಾತ್ರ ಒಪ್ಪಿಗೆಯಿಲ್ಲ.

ಶೀಗಿ ಚಂದ್ರನ ಹಬ್ಬವೇ ಅಲ್ಲ, ಸ್ವಾಮಿ. ಹುಣ್ಣಿಮೆ ಅದರ ತಾರೀಖು ಅಷ್ಟೆ. ಅದು ಭೂಮಿತಾಯಿಯ ಸೀಮಂತ. ಬೆಳೆ ಇನ್ನೂ ಹೊಲದಲ್ಲೇ ನಿಂತಿರುತ್ತದೆ, ಅಂದರೆ ಅವಳು ಬಸುರಿ. ಬಸುರಿಯ ಬಯಕೆ ತೀರಿಸಬೇಕು. ಅದಕ್ಕೇ ಶೇಂಗಾ ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಮೊಸರನ್ನ ಬುಟ್ಟಿಗಟ್ಟಲೆ ಮಾಡಿಕೊಂಡು ಬಂಡಿ ಕಟ್ಟಿ ಹೊಲಕ್ಕೆ ಹೋಗುವುದು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದರೆ ಅವರೇ ಪಾಂಡವರು. ಪೂಜೆಯಾದ ಮೇಲೆ ಒಬ್ಬ ಎಡೆ ಹಿಡಿದು ಹೊಲದ ಸುತ್ತ ಚೆಲ್ಲುತ್ತಾ ಕೂಗುತ್ತಾ ಹೋಗುತ್ತಾನೆ. ಇದೇ ಚರಗ. ಮಲೆನಾಡಿನಲ್ಲಿ ಇದಕ್ಕೇ ಭೂಮಿ ಹುಣ್ಣಿಮೆ ಅಂತಾರೆ. ಅಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಬಿಳಿ ಚಿತ್ತಾರ ಬರೆದು, ರಾತ್ರಿಯಿಡೀ ಅಡಿಗೆ ಮಾಡಿ, ನಸುಕಿನಲ್ಲೇ ಗದ್ದೆಗೆ ಕಳಿಸುತ್ತಾರೆ.

ನಾನು ಕಾಮರ್ಸ್ ಹುಡುಗ. ಲಾಭ ಎಷ್ಟೆಂದು ಗೊತ್ತಾಗುವ ಮೊದಲೇ, ಕಾಳು ಮನೆಗೆ ಬರೋದಕ್ಕೂ ಮುಂಚೆ, ಮಣ್ಣಿಗೂ ಹಕ್ಕಿಗೂ ಹುಳಕ್ಕೂ ಪಾಲು ಕೊಟ್ಟುಬಿಡುವ ಈ ಪದ್ಧತಿ ನಮ್ಮ ಅಕೌಂಟೆನ್ಸಿಯ ಯಾವ ಖಾತೆಯಲ್ಲೂ ಕೂಡುವುದಿಲ್ಲ. ಕೂಡದೆ ಇರೋದರಿಂದಲೇ ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಚೀನಾದವರ ಹಬ್ಬವೂ ಒಕ್ಕಲುತನದಿಂದ ಬಂದದ್ದೇ. ಚಂದ್ರನಲ್ಲಿರುವ ಚಾಂಗ್-ಅ ದೇವಿಗೆ ಹಣ್ಣು ಎಡೆಯಿಟ್ಟು, ಕಮಲದ ಬೀಜದ ಹೂರಣ ತುಂಬಿದ ಗುಂಡನೆಯ ಸಿಹಿಯನ್ನು ಹೋಳು ಮಾಡಿ ಮನೆಮಂದಿಯೆಲ್ಲಾ ತಿನ್ನುತ್ತಾರೆ. ದೂರದ ಊರಿಗೆ ದುಡಿಯಹೋದವರು ಆ ದಿನ ಮನೆಗೆ ಬರಬೇಕು. ಆದರೆ ಪೇಟೆಯಲ್ಲಿ ಅದು ಉಡುಗೊರೆಯ ಡಬ್ಬಿಯ ಹಬ್ಬವಾಗಿ, ೨೦೨೨ರಲ್ಲಿ ೫೦೦ ಯುವಾನಿಗಿಂತ ದುಬಾರಿ ಡಬ್ಬಿಗಳ ಮೇಲೆ ಸರ್ಕಾರವೇ ಕಣ್ಣಿಡಬೇಕಾಯಿತು. ಇನ್ನೊಂದು ಸಂಗತಿ: ೨೦೧೮ರಿಂದ ಅಲ್ಲಿ ರೈತರ ಸುಗ್ಗಿ ಹಬ್ಬ ಅಂತ ಬೇರೆಯೇ ಒಂದು ಸರ್ಕಾರಿ ದಿನ ಆಚರಿಸುತ್ತಾರೆ. ಸುಗ್ಗಿಯ ಹುಣ್ಣಿಮೆಯೊಂದು ಇರುವಾಗಲೇ ರೈತನಿಗೆ ಬೇರೆ ದಿನ ಯಾಕೆ ಬೇಕಾಯಿತು? ಹಳೆಯ ಹಬ್ಬದಿಂದ ಅವನು ಯಾವಾಗಲೋ ಜಾರಿಹೋಗಿದ್ದ ಅಂತ ನನ್ನ ತರ್ಕ.

ಕೋಜಾಗಿರಿಗೂ ಹಾಗೇ ಆಗಿದೆ. ಇದೇ ಹುಣ್ಣಿಮೆಗೆ ಕೊಂಕಣದಲ್ಲಿ ನವಾನ್ನ ಪೂರ್ಣಿಮೆ ಎಂಬ ಹೆಸರೂ ಉಂಟು, ಹೊಸ ಭತ್ತದ ತೆನೆಯನ್ನು ಬಾಗಿಲಿಗೆ ಕಟ್ಟುತ್ತಾರೆ. ನಮ್ಮ ಘಣಸೋಲಿಯ ಸೆಕ್ಟರುಗಳಲ್ಲಿ ತೆನೆ ಎಲ್ಲಿಂದ ತರುವುದು? ೧೯೭೦ರಲ್ಲಿ ಸಿಡ್ಕೊ ಹುಟ್ಟಿದ ಮೇಲೆ ಆಗ್ರಿ ಜನರ ಭತ್ತದ ಗದ್ದೆಗಳೂ ಉಪ್ಪಿನ ಗದ್ದೆಗಳೂ ನವಿ ಮುಂಬಯಿಯಾದವು. ೧೯೮೪ರ ಜನವರಿಯಲ್ಲಿ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಉರಣದ ರೈತರು ಭೂಮಿಗಾಗಿ ಎದ್ದಾಗ ಐವರು ಗುಂಡಿಗೆ ಬಲಿಯಾದರು. ಕಳೆದುಕೊಂಡ ಭೂಮಿಯ ಶೇಕಡಾ ಹನ್ನೆರಡೂವರೆ ಭಾಗವನ್ನು ಪ್ಲಾಟುಗಳಾಗಿ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದಿಂದ. ನಾವು ಹಾಲು ಕುದಿಸುವ ಗಚ್ಚಿ ಯಾರದೋ ಗದ್ದೆಯ ಮೇಲೆ ನಿಂತಿದೆ.

ಇನ್ನು ನಮ್ಮ ಮನೆಯ ಮಾತು. ಊರಲ್ಲಿ ಮೂರೆಕರೆ ಇದೆ, ಲಾವಣಿಗೆ ಕೊಟ್ಟಿದ್ದೇವೆ. ಲಾವಣಿಯ ದುಡ್ಡು ಅಪ್ಪನ ಖಾತೆಗೆ ಬರುತ್ತದೆ. ಚರಗ ಚೆಲ್ಲುವವರು ಅವರು. ನಮಗೆ ಮೊಬೈಲಿನಲ್ಲಿ ಫೋಟೋ. ಅವ್ವ ಹೋಳಿಗೆ ಮಾಡುತ್ತಾಳೆ, ನಾವು ತಿನ್ನುತ್ತೇವೆ. "ಹೊಲಾನ ಇಲ್ಲಿಲ್ಲ, ಚರಗ ಯಾರಿಗಿ ಚೆಲ್ಲೂದು?" ಅಂತಾಳೆ. ಅವಳ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ತಿನ್ನುವುದನ್ನಷ್ಟೇ ಉಳಿಸಿಕೊಂಡು ಕೊಡುವುದನ್ನು ಬಿಟ್ಟರೆ ಅದಕ್ಕೆ ಶೀಗಿ ಅನ್ನಬಾರದು. ನಾಕಾದಲ್ಲಿ ಬೆಳಗ್ಗೆ ಕೆಲಸಕ್ಕೆ ಕಾದು ನಿಲ್ಲುವ ನಮ್ಮ ಕಡೆಯ ಎಷ್ಟು ಜನಕ್ಕೆ ಆ ದಿನ ರಜೆ ಇದೆ, ಹೋಳಿಗೆ ಇದೆ? ಚರಗದ ಬುಟ್ಟಿ ಮೊದಲು ಆ ನಾಕಾಕ್ಕೆ ಹೋಗಲಿ. ಒಂದು ಹಿಡಿ ಖಾಡಿಯ ದಂಡೆಯ ಮಣ್ಣಿಗೂ ಬೀಳಲಿ, ಅದೂ ಭೂಮಿಯೇ.

ವೇದಿಕೆ, ರಟ್ಟಿನ ಎತ್ತಿನ ಬಂಡಿ, ಭಾಷಣ ಯಾವುದೂ ಬೇಡ. ಬದಲಿಗೆ ಕೂಟದ ಪ್ರತಿಯೊಬ್ಬರೂ ತಂತಮ್ಮ ಅಜ್ಜಿಯನ್ನೋ ಅವ್ವನನ್ನೋ ಕೇಳಿ, ಅವರೂರಿನ ಚರಗದಲ್ಲಿ ಏನೇನಿತ್ತು, ಏನು ಕೂಗುತ್ತಿದ್ದರು ಅಂತ ಒಂದೊಂದು ಹಾಳೆ ಬರೆದು ಸಂಪಾದಕರಿಗೆ ಕೊಡಲಿ. ಸ್ಟೆನ್ಸಿಲ್ ಕೊರೆಯಲು ನಾನು ತಯಾರು. ಕೋಜಾಗಿರಿಯೂ ನಡೆಯಲಿ, ಬೇಡವೆನ್ನಲು ನಾನ್ಯಾರು? ನನ್ನ ಪಾಲಿನ ಒಂದು ಲೋಟ ಹಾಲು ತೆಗೆದಿಟ್ಟಿರಿ, ನಾಕಾದಿಂದ ಬಂದು ಕುಡಿಯುತ್ತೇನೆ.