ಕೊಲೆಗಾರರಿಗೆ ವೇದಿಕೆ ಕೊಟ್ಟವರು ಯಾರು?

ಇಂಡೊನೇಷ್ಯಾದಲ್ಲಿ 1965–66ರಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿ ಕಟ್ಟಿ ಕನಿಷ್ಠ ಐದು ಲಕ್ಷ ಜನರನ್ನು ಕೊಲ್ಲಲಾಯಿತು. ಕೊಂದವರಲ್ಲೇ ಕೆಲವರನ್ನು ಹುಡುಕಿ, ಮಾಡಿದ್ದನ್ನು ನಿಮಗೆ ತೋಚಿದಂತೆ ಅಭಿನಯಿಸಿ ಎಂದವರು ಜೋಶುವಾ ಓಪನ್‌ಹೈಮರ್. ಅವರ ‘ದಿ ಆಕ್ಟ್ ಆಫ್ ಕಿಲ್ಲಿಂಗ್’ (2012) ಸಾಕ್ಷ್ಯಚಿತ್ರದ ಮೇಲಿನ ದೂರುಗಳು ಇನ್ನೂ ಮುಗಿದಿಲ್ಲ.

ಹಂತಕರಿಗೆ ವೇದಿಕೆ ಕೊಟ್ಟರು ಎನ್ನುತ್ತಾರೆ. ಅವರಿಗೆ ವೇದಿಕೆ ಇರಲಿಲ್ಲವೇ? ಮೇದಾನ್ ನಗರದಲ್ಲಿ ಸಿನಿಮಾ ಟಿಕೆಟ್ಟನ್ನು ಬ್ಲ್ಯಾಕಿನಲ್ಲಿ ಮಾರುತ್ತಿದ್ದ ಅನ್ವರ್ ಕಾಂಗೊ ಊರಿನ ದೊಡ್ಡ ಮನುಷ್ಯನಾಗಿ ಮೆರೆಯುತ್ತಿದ್ದ. ಸರ್ಕಾರಿ ಟಿವಿಯ ನಿರೂಪಕಿ ನಗುನಗುತ್ತಲೇ ಅವನ ಕೊಲೆಗಳ ಬಗ್ಗೆ ಮಾತಾಡಿಸುತ್ತಾಳೆ, ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಚಿತ್ರ ತೋರಿಸಿದ್ದು ಆ ಚಪ್ಪಾಳೆಯನ್ನು.

ಅಭಿನಯ ಸೇರಿದರೆ ಅದು ಸಾಕ್ಷ್ಯಚಿತ್ರ ಹೇಗಾದೀತು ಎಂಬುದು ಪಂಡಿತರ ತಕರಾರು. ಕಟ್ಟಡವೊಂದರ ತಾರಸಿಯ ದೃಶ್ಯವನ್ನು ಅವರು ಇನ್ನೊಮ್ಮೆ ನೋಡಬೇಕು. ಹೊಡೆದು ಸಾಯಿಸಿದರೆ ರಕ್ತ ಹರಿದು ನಾತ ಬರುತ್ತಿತ್ತು, ಅದಕ್ಕೇ ತಂತಿಗೆ ಬಂದೆ ಎಂದು ಅನ್ವರ್ ವಿವರಿಸುತ್ತಾನೆ. ಗೆಳೆಯನ ಕೊರಳಿಗೆ ತಂತಿ ಸುತ್ತಿ ಎಳೆಯುವ ಬಗೆ ತೋರಿಸುತ್ತಾನೆ. ಆಮೇಲೆ ಅಲ್ಲೇ ನಾಲ್ಕು ಹೆಜ್ಜೆ ಕುಣಿಯುತ್ತಾನೆ. ಮುಂದೊಂದು ದಿನ ಅದನ್ನೇ ತೆರೆಯ ಮೇಲೆ ನೋಡಿ ಮುಖ ಸಿಂಡರಿಸುತ್ತಾನೆ. ಪಶ್ಚಾತ್ತಾಪವೆಂದುಕೊಂಡಿರೋ, ಕೆಟ್ಟಿರಿ. ತನ್ನ ಬಿಳಿ ಪ್ಯಾಂಟ್ ಪಿಕ್‌ನಿಕ್ಕಿಗೆ ಹೊರಟಂತಿದೆ ಎಂಬುದು ಅವನ ಚಿಂತೆ. ಯಾವ ಸಂದರ್ಶನದಲ್ಲಿ ಇದು ಹೊರಬೀಳುತ್ತಿತ್ತು? ಅಭಿನಯದ ಮಾತು ಬಂತಲ್ಲ: ಈ ಕೊಲೆಗಳ ಬೆನ್ನಿಗೇ ಗದ್ದುಗೆ ಹಿಡಿದ ಸುಹಾರ್ತೊನ ಸರ್ಕಾರ 1984ರಲ್ಲಿ ಕಮ್ಯುನಿಸ್ಟರ ವಿರುದ್ಧ ತೆಗೆಸಿದ ಪ್ರಚಾರಚಿತ್ರವೂ ಅಭಿನಯವೇ. ಅದನ್ನು ಇತಿಹಾಸವೆಂದು ವರ್ಷವರ್ಷವೂ ಶಾಲಾ ಮಕ್ಕಳಿಗೆ ತೋರಿಸಿದರು.

ಕೊನೆಯಲ್ಲಿ ಅನ್ವರ್ ಓಕರಿಸುವುದನ್ನು ತೋರಿಸಿ ಅವನಿಗೆ ಕ್ಷಮೆ ಕೊಡಿಸಿದರಂತೆ. ಹೀಗೆನ್ನುವವರು ಅವನ ಜೊತೆಗಾರ ಆದಿ ಜುಲ್ಕಾದ್ರಿಯ ಹೆಸರೆತ್ತುವುದಿಲ್ಲ. ಯುದ್ಧಾಪರಾಧ ಯಾವುದೆಂದು ಗೆದ್ದವರು ತೀರ್ಮಾನಿಸುತ್ತಾರೆ, ಗೆದ್ದವರು ನಾವು ಎಂದು ವಾದಿಸುವ ಅವನಿಗೆ ಓಕರಿಕೆಯೂ ಇಲ್ಲ, ನಿದ್ದೆಗೇಡೂ ಇಲ್ಲ.

ಸತ್ತವರ ಕಡೆಯವರೆಲ್ಲಿ? ಇದು ತೂಕದ ಪ್ರಶ್ನೆ. ಓಪನ್‌ಹೈಮರ್ ಶುರುಮಾಡಿದ್ದು ಅವರಿಂದಲೇ, ಉತ್ತರ ಸುಮಾತ್ರದ ತೋಟಗಳ ಕೂಲಿಗಳ ಮನೆಗಳಿಂದ. ಸೇನೆ ಆ ಕೂಲಿಗಳನ್ನು ಬೆದರಿಸಿತು. ಹಾಗಾದರೆ ಕೊಂದವರನ್ನೇ ಮಾತಾಡಿಸಿ, ಅವರು ಬಡಾಯಿ ಕೊಚ್ಚುತ್ತಾರೆ ಎಂಬ ದಾರಿ ಹೇಳಿದವರೂ ಆ ಜನರೇ. ಚಿತ್ರದ ಕೊನೆಗೆ ಹೆಸರುಗಳು ಬರುವಾಗ ಸಹನಿರ್ದೇಶಕರಿಂದ ಹಿಡಿದು ಹತ್ತಾರು ಸ್ಥಳೀಯರ ಜಾಗದಲ್ಲಿ ‘ಅನಾಮಿಕ’ ಎಂದಷ್ಟೇ ಇದೆ. ಎರಡು ವರ್ಷದ ನಂತರ ಬಂದ ‘ದಿ ಲುಕ್ ಆಫ್ ಸೈಲೆನ್ಸ್’ನಲ್ಲಿ ಕನ್ನಡಕ ಮಾಡಿಕೊಡುವ ಆದಿ ರುಕುನ್, ಹಂತಕರ ಕಣ್ಣು ಪರೀಕ್ಷಿಸುತ್ತಲೇ ಅಣ್ಣನ ಕೊಲೆಯ ವಿಷಯ ಎತ್ತುತ್ತಾನೆ. ಕಡೆಗೆ ಅವನ ಕುಟುಂಬ ಊರನ್ನೇ ಬಿಡಬೇಕಾಯಿತು. ಕಡೆಯವರೆಲ್ಲಿ ಎಂದು ಕೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಅಮೆರಿಕದ ಪಾತ್ರ ಮೊದಲ ಚಿತ್ರದಲ್ಲಿ ಬಹುತೇಕ ಇಲ್ಲವೆನ್ನಬೇಕು. ಕಮ್ಯುನಿಸ್ಟ್ ನಾಯಕರ ಹೆಸರುಗಳ ಪಟ್ಟಿ ಜಕಾರ್ತದ ಅಮೆರಿಕನ್ ರಾಯಭಾರ ಕಚೇರಿಯಿಂದಲೂ ಸೇನೆಗೆ ಹೋಗಿತ್ತು. ಈ ಒಂದು ದೂರು ನಿಜ, ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.