ಕಂಪ್ಯೂಟರ್ ಆಮೇಲೆ, ಮೊದಲು ಹಲ್ಲು ಎಣಿಸಿ

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಗ್ಯಾರೇಜಿಗೆ ಸೇರಿದರೆ ಕೈಗೆ ಸ್ಪ್ಯಾನರ್ ಸಿಗುತ್ತದೆ, ಲ್ಯಾಪ್‌ಟಾಪ್ ಸಿಗುವುದಿಲ್ಲ. "ಅದೆಲ್ಲ ಇಂಗ್ಲಿಷ್ ಬಲ್ಲವರ ಕೆಲಸ ಕಣೋ, ನೀನು ಚಕ್ರ ಬಿಚ್ಚು" ಎನ್ನುತ್ತಾರೆ. ಹುಡುಗನೂ ಹಾಗೇ ನಂಬಿ ಕೂರುತ್ತಾನೆ. ಗಡಿಯಾಚೆಯ ಶಾಲೆಗಳಲ್ಲಿ ಪಾಠ ಮಾಡುವ ನಾವಾದರೂ ಇದನ್ನು ಒಪ್ಪಬಾರದು.

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಇಲ್ಲವಾಯಿತು. ಪೆಟ್ರೋಲ್ ಎಷ್ಟು ಹಾಯಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ರೇಸಿನವರು ಕಂಪನಿಯ ಆ ಪೆಟ್ಟಿಗೆ ತೆಗೆದು ಮೆಗಾಸ್ಕ್ವರ್ಟ್, ಸ್ಪೀಡುಯಿನೋ ಥರದ ಬೇರೆ ಪೆಟ್ಟಿಗೆ ಕೂರಿಸಿ, ತಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುತ್ತಾರೆ. ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿಕೊಂಡು ಬರುತ್ತಾರೆ. ಇಂಥ ಪೆಟ್ಟಿಗೆ ಕೂರಿಸುವಾಗ ಹಲವರು ಎಡವುವುದು ಮೊದಲ ಮೆಟ್ಟಿಲಲ್ಲೇ. ಆ ಮೆಟ್ಟಿಲು ನಮ್ಮ ಏಳನೇ ತರಗತಿಯ ಕೋನದ ಲೆಕ್ಕ ಅಂದರೆ ನಂಬುತ್ತೀರಾ?

ವಿಷಯ ಇಷ್ಟೇ. ಪಿಸ್ಟನ್ ಈಗ ಎಲ್ಲಿದೆ ಎಂಬುದು ಕಂಪ್ಯೂಟರಿಗೆ ಕಾಣುವುದಿಲ್ಲ. ಅದಕ್ಕಾಗಿ ಕ್ರ್ಯಾಂಕಿನ ತುದಿಯಲ್ಲಿ ಒಂದು ಹಲ್ಲಿನ ಚಕ್ರ, ಪಕ್ಕದಲ್ಲಿ ಒಂದು ಸೆನ್ಸರ್. ಬಹಳ ಕಡೆ ಇರುವುದು 60 ಹಲ್ಲಿನ ಜಾಗದಲ್ಲಿ 2 ಬಿಟ್ಟ ಚಕ್ರ. ಒಂದನೇ ತರಗತಿ ಮಗುವಿನ ಬಾಯಿಯಲ್ಲಿ ಮುಂದಿನ ಎರಡು ಹಲ್ಲು ಬಿದ್ದಿರುತ್ತದಲ್ಲ, ಹಾಗೆ! ಆ ಸಂದು ಬಂದಾಗಲೆಲ್ಲ ಒಂದು ಸುತ್ತು ಆಯಿತು ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. 360ನ್ನು 60ರಿಂದ ಭಾಗಿಸಿದರೆ ಹಲ್ಲಿಗೆ 6 ಡಿಗ್ರಿ. ಫೋರ್ಡ್‌ನವರ 36ರಲ್ಲಿ 1 ಬಿಟ್ಟ ಚಕ್ರದಲ್ಲಾದರೆ ಹಲ್ಲಿಗೆ 10 ಡಿಗ್ರಿ. ಕಣ್ಣಿಗೆ ಕಾಣುವ ಹಲ್ಲು 58 ಅಂತ 58 ಬರೆದರೆ ಲೆಕ್ಕವೆಲ್ಲ ಕೆಟ್ಟಿತು. ಒಟ್ಟು 60, ಬಿಟ್ಟದ್ದು 2 ಅಂತಲೇ ಬರೆಯಬೇಕು.

ಮುಂದಿನದು ಕೋನ. ಒಂದನೇ ಪಿಸ್ಟನ್ನನ್ನು ತೀರಾ ಮೇಲಕ್ಕೆ ತಂದು ನಿಲ್ಲಿಸಿ. ಪುಲ್ಲಿಯ ಗುರುತನ್ನು ಕಣ್ಣು ಮುಚ್ಚಿ ನಂಬಬೇಡಿ, ರಬ್ಬರ್ ಪುಲ್ಲಿಯ ಹೊರಬಳೆ ಹಳೆಯದಾದಂತೆ ಜಾರಿರಬಹುದು. ಸಂದಿನ ನಂತರದ ಮೊದಲ ಹಲ್ಲಿನಿಂದ, ಈಗ ಸೆನ್ಸರಿನ ಎದುರಿಗಿರುವ ಹಲ್ಲಿನವರೆಗೆ ಎಣಿಸಿ. 15ನೇ ಹಲ್ಲು ಎದುರಿದ್ದರೆ ನಡುವೆ 14 ಹೆಜ್ಜೆ, 14 ಆರಲೆ 84 ಡಿಗ್ರಿ. ಈ ಕೋನವನ್ನು ಎಲ್ಲಿಂದ ಎಲ್ಲಿಗೆ ಅಳೆದು ಬರೆಯಬೇಕು ಎಂಬುದು ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಅದಕ್ಕೆ ಅದರ ಪುಸ್ತಕ ನೋಡಲೇಬೇಕು.

ಇನ್ನು ಕ್ಯಾಮ್. ಗಡಿಯಾರದ ಮುಳ್ಳು ಏಳು ಗಂಟೆ ತೋರಿಸುತ್ತದೆ, ಆದರೆ ಬೆಳಗಿನ ಏಳೋ ರಾತ್ರಿಯ ಏಳೋ ಹೇಳುವುದಿಲ್ಲ. ಕ್ರ್ಯಾಂಕಿನದೂ ಇದೇ ಕಥೆ. ಇಂಜಿನ್ನಿನ ಒಂದು ಪೂರ್ತಿ ಆವರ್ತಕ್ಕೆ ಕ್ರ್ಯಾಂಕ್ ಎರಡು ಸುತ್ತು, 720 ಡಿಗ್ರಿ. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ: ಒಮ್ಮೆ ಗಾಳಿ ಒತ್ತಲು, ಒಮ್ಮೆ ಹೊಗೆ ತಳ್ಳಲು. ಯಾವುದು ಯಾವುದೆಂದು ಹೇಳುವುದು ಆವರ್ತಕ್ಕೆ ಒಂದೇ ಸುತ್ತು ತಿರುಗುವ ಕ್ಯಾಮ್. ಎರಡು ಸಲವೂ ಕಿಡಿ ಹಾರಿಸುವ ಪದ್ಧತಿಯಲ್ಲಿ ಕ್ಯಾಮ್ ಸೆನ್ಸರ್ ಇಲ್ಲದೆ ನಡೆಯುತ್ತದೆ. ಪ್ರತಿ ಸಿಲಿಂಡರಿಗೆ ಅದರದೇ ಹೊತ್ತಿಗೆ ಪೆಟ್ರೋಲ್ ಕೊಡಬೇಕಾದರೆ ಅದು ಬೇಕು. ಕ್ಯಾಮಿನ ಸೂಚನೆ ಕ್ರ್ಯಾಂಕಿನ ಸಂದಿನ ಹೊತ್ತಿಗೇ ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಕಂಪ್ಯೂಟರ್ ಗಲಿಬಿಲಿಯಾಗುತ್ತದೆ.

ಸೆನ್ಸರುಗಳಲ್ಲೂ ಎರಡು ಜಾತಿ. ಎರಡು ತಂತಿಯ ಆಯಸ್ಕಾಂತದ ಸುರುಳಿ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಮೂರು ತಂತಿಯ ಹಾಲ್ ಸೆನ್ಸರಿಗೆ ವಿದ್ಯುತ್ ಕೊಡಬೇಕು. ಮೊದಲನೆಯದರ ತಂತಿ ಅದಲುಬದಲಾದರೆ ಇಂಜಿನ್ ಕೆಲವೊಮ್ಮೆ ಚಾಲೂ ಆಗಿಯೇಬಿಡುತ್ತದೆ! ಆದರೆ ವೇಗ ಏರಿದಂತೆ ಕಿಡಿಯ ಹೊತ್ತು ಜಾರುತ್ತಾ ಹೋಗುತ್ತದೆ. ಆದ್ದರಿಂದ ಕೊನೆಗೊಂದು ಪರೀಕ್ಷೆ ಮಾಡಲೇಬೇಕು. ಕಿಡಿಯನ್ನು 10 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯಲ್ಲೂ 10 ಕಾಣುತ್ತದೆಯೇ ನೋಡಿ. 3,000 ಸುತ್ತಿಗೆ ಏರಿಸಿದರೂ ಗುರುತು ಅಲ್ಲೇ ನಿಂತಿರಬೇಕು.

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ, ಯಾರೋ ಕೊಟ್ಟ ಅಂಕಿ ಹಾಕಿದರಾಯಿತು ಎನ್ನುವವರು ಬೋಡಿಮೆಟ್ಟನ್ನು ನೆನೆಯಲಿ. ತೇನಿ ಜಿಲ್ಲೆಯ ಬೋಡಿನಾಯಕನೂರಿನ ಕಡೆಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 85, 17 ಹೇರ್‌ಪಿನ್ ತಿರುವು ಸುತ್ತಿ ಸುಮಾರು ಸಾವಿರ ಮೀಟರ್ ಹತ್ತಿ ಕೇರಳದ ಗಡಿ ಮುಟ್ಟುತ್ತದೆ. ಆಚೆ ಇಡುಕ್ಕಿಯ ಏಲಕ್ಕಿ ತೋಟಗಳು. ತೋಟದ ಕೂಲಿಗೆ ಹೋಗುವವರನ್ನು ತುಂಬಿಕೊಂಡು ಜೀಪುಗಳು ಹತ್ತುವ ದಾರಿ ಇದು. ಒಂದೇ ಹಲ್ಲು ತಪ್ಪಿ ಎಣಿಸಿದ ಪೆಟ್ರೋಲ್ ಇಂಜಿನ್ ಇಂಥ ಏರಿನಲ್ಲಿದ್ದರೆ? ಪರದೆ 10 ಎನ್ನುತ್ತಿರುತ್ತದೆ, ಕಿಡಿ 16ಕ್ಕೇ ಹಾರಿರುತ್ತದೆ. ಭಾರ ಹೆಚ್ಚಾದಾಗ ಇಂಜಿನ್ ಕಟಕಟ ಎಂದು ಬಡಿದುಕೊಂಡು ಪಿಸ್ಟನ್ ಸುಡುತ್ತದೆ. ಸೆನ್ಸರಿನ ಸೂಚನೆಯೇ ನಿಂತರೆ ಇಂಜಿನ್ ತಿರುವಿನಲ್ಲೇ ಬಂದ್, ಜೊತೆಗೆ ಪವರ್ ಸ್ಟೀರಿಂಗ್ ಬಿಗಿ, ಬ್ರೇಕಿಗೂ ಇಂಜಿನ್ನಿನ ನೆರವು ಬೇಗ ಬರಿದು. ಹಿಂದೆ ಕೂತಿರುವವರು ದಿನಗೂಲಿಯ ತಾಯಂದಿರು.

ಹಾಗಾಗಿ ಒಂದು ಮಾತು ಖಡಾಖಂಡಿತ: ರಸ್ತೆಯ ಗಾಡಿಗೆ ಇದು ಬೇಡ. ಕಂಪನಿ ಕೊಟ್ಟದ್ದನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಲಿಯುವುದು ಗ್ಯಾರೇಜಿನ ಮೇಜಿನ ಮೇಲೆ, ಓಡಿಸುವುದು ರೇಸಿನ ಟ್ರ್ಯಾಕಿನಲ್ಲಿ. ಆದರೆ ಹಾಗೆ ಕಲಿತವನಿಗೆ ರಸ್ತೆಯ ಗಾಡಿಯ ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗ ರೋಗ ಎಲ್ಲಿದೆ ಅಂತ ತಟ್ಟನೆ ಹೊಳೆಯುತ್ತದೆ.

ಬೋಡಿ, ಕಂಬಂ ಕಡೆ ಮನೆಮಾತು ಕನ್ನಡವಾಗಿರುವ ಒಕ್ಕಲಿಗರು, ಕಾಪಿಲಿಯರು ಇದ್ದಾರೆ. ಅವರ ಮಕ್ಕಳು ಓದುವುದು ತಮಿಳಿನಲ್ಲಿ. ತಾಳವಾಡಿ, ಹೊಸೂರು, ಕಾಸರಗೋಡಿನ ನಮ್ಮ ಮಕ್ಕಳು ಅದೃಷ್ಟವಂತರು, ಕನ್ನಡದಲ್ಲೇ ಕೋನ ಕಲಿತವರು. ಹಲ್ಲು, ಸಂದು, ಸುತ್ತು, ಕೋನ. ಈ ಕೆಲಸಕ್ಕೆ ಬೇಕಾದ ಮುಖ್ಯ ಮಾತುಗಳೆಲ್ಲ ನಮ್ಮ ಬಾಯಲ್ಲೇ ಇವೆಯಲ್ಲ! ಪುಸ್ತಕ ಇಂಗ್ಲಿಷಿನಲ್ಲಿದೆ ನಿಜ. ಹಲ್ಲು ಮತ್ತು ಕೋನದ ಆ ಭಾಗ ಕೆಲವೇ ಪುಟ. ಒಂದು ಭಾನುವಾರ ಹುಡುಗನ ಜೊತೆ ಕೂತು ಅದನ್ನು ಓದಿಸಲು ನಮ್ಮ ಬಿಎ ಸಾಕು.

ಶಿಕ್ಷಕ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೇ. ಮುಂದಿನ ಸಲ ಕೋನದ ಪಾಠ ಬಂದಾಗ ರಟ್ಟಿನಲ್ಲಿ 60 ಹಲ್ಲಿನ ಚಕ್ರ ಕತ್ತರಿಸಿ, ಎರಡು ಹಲ್ಲು ಕಿತ್ತು ಮಕ್ಕಳ ಕೈಗೆ ಕೊಡಿ. ಗ್ಯಾರೇಜಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದು ನಿಜವಾದ ಚಕ್ರ, ಸೆನ್ಸರ್ ತರಿಸಿ. ಮಕ್ಕಳೆದುರು ಅವನನ್ನು "ಸರ್" ಅಂತ ಕರೆಯಿರಿ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಹಾಗೆ, ಹಲ್ಲು ಎಣಿಸಬಲ್ಲವನಿಗೆ ಲ್ಯಾಪ್‌ಟಾಪಿನ ಭಯವಿಲ್ಲ. ಏನಂತೀರಿ?