ಶರತ್ಕಾಲದ ಗುಡುಗು

ಸಂಸ್ಕೃತ ಕಾವ್ಯಗಳ ಪರಿಚಯವುಳ್ಳವರಿಗೆ ಶರದೃತುವೆಂದೊಡನೆ ತಿಳಿಯಾದ ನೀರು, ಅರಳೆಯಂತಹ ಬಿಳಿಯ ಮುಗಿಲು, ನಿರ್ಮಲವಾದ ಬೆಳದಿಂಗಳು ಇವುಗಳೇ ನೆನಪಿಗೆ ಬರುವುವು. ಕಾಳಿದಾಸನದೆಂದು ಪ್ರಸಿದ್ಧವಾಗಿರುವ ಋತುಸಂಹಾರದಲ್ಲಿಯೂ ಎರಡನೆಯ ಸರ್ಗಕ್ಕೆ ಮಳೆಗಾಲವು ಮುಗಿದು, ಮೂರನೆಯದರಲ್ಲಿ ಶರತ್ತು ಕಾಣಿಸಿಕೊಳ್ಳುವುದು. ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ವಾಸಿಸುವ ನಮ್ಮ ವಾಚಕರು ಆಶ್ವಯುಜ ಮಾಸದ ಸಂಜೆ ಮಹಡಿಯೇರಿ ನೋಡಿದರೆ, ಎಷ್ಟೋ ದಿನ ಕಾಣುವುದು ಕಾಡಿಗೆಯಂತಹ ಮೋಡ, ಕೇಳುವುದು ಗುಡುಗು. ಪುಸ್ತಕದ ಶರತ್ತಿಗೂ ನಮ್ಮ ಮನೆಯ ಮೇಲಣ ಶರತ್ತಿಗೂ ಇಷ್ಟು ಅಂತರವೇಕೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ. ಅದನ್ನು ತಿಳಿಯುವುದರಿಂದ ಗೃಹಕೃತ್ಯಕ್ಕೂ ಒಂದು ಪ್ರಯೋಜನವುಂಟು.

ನೈಋತ್ಯ ಮಾರುತವು ಭರತಖಂಡವನ್ನು ಒಂದೇ ದಿನ ಬಿಟ್ಟುಹೋಗುವುದಿಲ್ಲ. ಅದು ಮೊದಲು ಹಿಂದೆಗೆಯುವುದು ರಾಜಸ್ಥಾನದ ಪಡುವಣ ಮರುಭೂಮಿಯಿಂದ. ಹವಾಮಾನ ಇಲಾಖೆಯವರು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ, ಇದಕ್ಕೆ ಸಾಮಾನ್ಯವಾದ ದಿನವು ಸೆಪ್ಟೆಂಬರ್ 17. ಅಲ್ಲಿ ಗಾಳಿಯು ತಿರುಗಿದ ಮೇಲೆ ಆಕಾಶವು ತೊಳೆದಿಟ್ಟಂತಾಗುವುದು. ಬರಬರುತ್ತ ರಾತ್ರಿಗಳು ತಂಪಾಗುವುವು. ಕಾಳಿದಾಸನು ಕೊಂಡಾಡಿದ ಉಜ್ಜಯಿನಿಗೂ ಈ ಭಾಗ್ಯವು ನಮಗಿಂತ ಮುಂಚೆಯೇ ಲಭಿಸುವುದು. ಮಾರುತವು ದಕ್ಷಿಣಕ್ಕೆ ಸರಿಯುತ್ತ ನಮ್ಮ ನಾಡನ್ನು ಬಿಡುವ ಹೊತ್ತಿಗೆ ಅಕ್ಟೋಬರ್ ತಿಂಗಳ ಮಧ್ಯವಾಗಿರುವುದು. ಅದರ ಬೆನ್ನಿಗೇ ಬಂಗಾಳ ಕೊಲ್ಲಿಯ ಕಡೆಯಿಂದ ಈಶಾನ್ಯ ಮಾರುತವು ಬೀಸತೊಡಗುವುದು. ಒಂದು ಗಾಳಿ ಹೋಗಿ ಇನ್ನೊಂದು ನೆಲೆಗೊಳ್ಳುವ ಈ ಸಂಧಿಕಾಲದಲ್ಲಿ ವಾಯುವಿನ ವೇಗವು ಕುಗ್ಗುವುದು. ಹಗಲಿನ ಬಿಸಿಲಿಗೆ ನೆಲವು ಕಾಯುವುದು. ತೇವದಿಂದ ತುಂಬಿದ ಗಾಳಿಯು ನೇರವಾಗಿ ಮೇಲೇರಿ, 10 ಕಿಲೋಮೀಟರಿಗೂ ಮೀರಿದ ಎತ್ತರದ ಮೋಡಗಳಾಗಿ ಬೆಳೆಯುವುದು. ಬೆಳಗ್ಗೆ ಹಿತವಾದ ಬಿಸಿಲು, ಸಂಜೆಗೆ ಸಿಡಿಲು ಮಳೆ ಎಂಬ ಕ್ರಮವು ಹೀಗೆ ಉಂಟಾಗುವುದು.

ನಮ್ಮ ರೈತರು ಇದನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸಿದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳಿರುವನು. ಸೆಪ್ಟೆಂಬರ್ ಕೊನೆಯಲ್ಲಿ ಹಸ್ತ, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ಬಳಿಕ ವಿಶಾಖೆ. ಇವುಗಳಲ್ಲಿ ಚಿತ್ತೆಯನ್ನು ಹಿರಿಯರು 'ಕುರುಡು ಚಿತ್ತೆ' ಎಂದು ಕರೆದರು. ಒಂದು ಹೊಲದಲ್ಲಿ ಸುರಿದು ಪಕ್ಕದ ಹೊಲವನ್ನು ಕಾಣದೆ ಹೋಗುವುದು ಅದರ ಸ್ವಭಾವ. ಗುಡುಗುಮೋಡವು ನಾಡನ್ನೆಲ್ಲ ಆವರಿಸುವುದಲ್ಲ, ಕೆಲವೇ ಮೈಲಿಗಳ ಹರವಿನದು. ಕೆಂಗೇರಿಯಲ್ಲಿ ಬೀದಿ ಹೊಳೆಯಾಗಿದ್ದಾಗ ರಾಜಾಜಿನಗರದಲ್ಲಿ ಹಪ್ಪಳ ಒಣಗುತ್ತಿರುವುದೂ ಉಂಟು. ಆ ಒಂದು ವಿಶೇಷಣದಲ್ಲಿ ಎಷ್ಟು ನಿಶಿತವಾದ ಅವಲೋಕನವಿದೆ!

ಈ ಮಳೆಯ ಪ್ರಮಾಣವನ್ನೂ ಅರಿಯಬೇಕು. ಬೆಂಗಳೂರಿಗೆ ವರ್ಷದಲ್ಲಿ ಬೀಳುವ ಮಳೆಯ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು, ಸೆಪ್ಟೆಂಬರ್ ಮತ್ತು ಅಕ್ಟೋಬರ್ ಎರಡೇ ತಿಂಗಳುಗಳಲ್ಲಿ ಸುರಿಯುವುದು. 1988ರ ಸೆಪ್ಟೆಂಬರ್ 12ರಂದು ಒಂದೇ ದಿನ 177.6 ಮಿಲಿಮೀಟರ್ ಬಿದ್ದುದುಂಟು. ಊರು ದಿಣ್ಣೆಯ ಮೇಲಿರುವುದರಿಂದ ನೀರು ಇಲ್ಲಿ ನಿಲ್ಲಲೊಲ್ಲದು. ನಮ್ಮ ಪಶ್ಚಿಮ ಭಾಗದ ಬಡಾವಣೆಗಳ ನೀರು ವೃಷಭಾವತಿಗೆ ಇಳಿದು, ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯನ್ನು ದಾಟಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವುದು. ಹಿಂದೆ ಹೊಳೆಯಾಗಿದ್ದ ವೃಷಭಾವತಿಯು ಈಗ ನಗರದ ಕೊಳೆಯನ್ನು ಹೊರುವ ಕಾಲುವೆಯಾಗಿದೆ. ನಮ್ಮ ಮಾಳಿಗೆಯ ಮೇಲೆ ಶುದ್ಧವಾಗಿ ಬಿದ್ದ ನೀರು ಅರ್ಧ ಗಳಿಗೆಯಲ್ಲಿ ಆ ಕೊಳೆಯೊಡನೆ ಬೆರೆತು ಹೋಗುವುದು. ತಗ್ಗಿನಲ್ಲಿರುವ ಬಡವರ ಮನೆಗಳಿಗೆ ನುಗ್ಗುವುದೂ ಅದೇ ನೀರು.

ನವೆಂಬರ್ ಕಳೆಯುತ್ತಲೇ ನಮ್ಮ ನಿಜವಾದ ಶರತ್ತು, ಪಂಚಾಂಗದ ಹೇಮಂತದಲ್ಲಿ, ತಡವಾಗಿ ಬರುವುದು. ಮೋಡದ ಹೊದಿಕೆ ಸರಿದುದರಿಂದ ನೆಲದ ಶಾಖವು ರಾತ್ರಿಯಲ್ಲಿ ಆಕಾಶಕ್ಕೆ ಹೊರಟುಹೋಗುವುದು. ಮೂಡಣದ ಒಣಗಾಳಿ ಬೀಸುವುದು. ಮುಂಜಾನೆ ಇಬ್ಬನಿ ಬೀಳುವುದು. ಸೊಗಡಿನ ಅವರೆಕಾಯಿ ಸಂತೆಗೆ ಬರುವುದು. 1884ರ ಜನವರಿ 13ರಂದು ಇಲ್ಲಿಯ ಉಷ್ಣಮಾನವು 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹವೆಯು ಬಹು ರಮ್ಯ; ಆದರೆ ಜನವರಿ ಫೆಬ್ರವರಿಗಳೆರಡೂ ಸೇರಿ ಸಾಮಾನ್ಯವಾಗಿ ಒಂದು ಅಂಗುಲದಷ್ಟೂ ಮಳೆ ಬೀಳದು. ಹಿಂದಿನ ವರ್ಷ ಮಳೆ ಕೈಕೊಟ್ಟುದರಿಂದ 2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ, ಕೊಡಗಳ ಸಾಲು ಬೀದಿಗೆ ಬಂದುದನ್ನು ಯಾವ ಗೃಹಿಣಿಯೂ ಮರೆತಿರಲಾರಳು.

ಆದುದರಿಂದ ಹಸ್ತ ಚಿತ್ತೆಗಳ ಗುಡುಗನ್ನು ಕೇಳಿದಾಗ ಕಿಟಕಿ ಮುಚ್ಚುವುದರೊಡನೆ ಲೆಕ್ಕವನ್ನೂ ಹಾಕತಕ್ಕದ್ದು. 1,000 ಚದರಡಿಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರಾಗುವುದು. ಎರಡು ತಿಂಗಳ ಮಳೆಯಲ್ಲಿ ಚೆಲ್ಲಿಹೋಗುವುದನ್ನು ಕಳೆದರೂ 25,000 ಲೀಟರಿಗೆ ಕಡಮೆಯಿಲ್ಲ; ಎಂದರೆ 6,000 ಲೀಟರಿನ ನಾಲ್ಕು ಟ್ಯಾಂಕರುಗಳಿಗೂ ಹೆಚ್ಚು. ದೊಡ್ಡ ನಿವೇಶನಗಳವರು ಮಳೆನೀರನ್ನು ಹಿಡಿಯಬೇಕೆಂದು 2009ರಲ್ಲಿಯೇ ಕಾನೂನಾಗಿದೆ. ಚಿಕ್ಕ ಮನೆಯವರು ಕಾನೂನಿಗಾಗಿ ಕಾಯಬೇಕಾದುದಿಲ್ಲ. ಮಹಾಲಯ ಪಕ್ಷದಲ್ಲಿಯೇ ಮಾಳಿಗೆಯನ್ನು ಗುಡಿಸಿ, ಕೊಳವೆಯ ಬಾಯಿಯ ಎಲೆಕಸವನ್ನು ತೆಗೆದುಬಿಡಿರಿ. ಮೊದಲ ಹನಿಗಳು ಧೂಳನ್ನು ತೊಳೆದು ಹೋಗಲಿ. ಬಳಿಕ ಬಂದ ನೀರನ್ನು ಜಲ್ಲಿ, ಮರಳು, ಇದ್ದಿಲುಗಳ ಮೂಲಕ ಸೋಸಿ ತೊಟ್ಟಿಗೆ ಬಿಡಿರಿ. ತೊಟ್ಟಿ ತುಂಬಿದರೆ ಹಳೆಯ ಬಾವಿಗೋ ಇಂಗುಗುಂಡಿಗೋ ಹರಿಸಿರಿ. ಆದರೆ ಮಿಂಚುವಾಗ ಯಾರೂ ಮಾಳಿಗೆಗೆ ಹೋಗಕೂಡದು, ಮರದಡಿಯಲ್ಲಿ ನಿಲ್ಲಕೂಡದು. ಶಬ್ದವು ಒಂದು ಕಿಲೋಮೀಟರನ್ನು ಸುಮಾರು 3 ಸೆಕೆಂಡಿನಲ್ಲಿ ದಾಟುವುದು. ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಹೊತ್ತಾಯಿತೆಂದು ಮಕ್ಕಳು ಒಳಗೆ ಕುಳಿತೇ ಎಣಿಸಲಿ. ಭಯವೂ ಹೋಗುವುದು, ಗಣಿತವೂ ಬರುವುದು.

ಕೊನೆಯ ಮಾತೊಂದು. ಈ ಕೆಲಸವನ್ನು ಸ್ವಾತಿಯವರೆಗೆ ಮುಂದೂಡಬೇಡಿರಿ. ಸ್ವಾತಿಯ ಹನಿಯು ಚಿಪ್ಪಿನಲ್ಲಿ ಮುತ್ತಾಗುವುದೆಂಬುದು ಕವಿಸಮಯ. ಮನೆಯ ತೊಟ್ಟಿಯನ್ನು ತುಂಬಿಸಬಲ್ಲ ಮಳೆ ಅದಕ್ಕಿಂತ ಮುಂಚೆಯೇ ಬಂದು ಹೋಗಿರುವುದು.